ಹರಿದ ಎಳೆಗಳ ಒಟ್ಟು

ಹೋದ ಗುರುವಾರ ಇಚಲಕರಂಜಿಯ ಓಣಿಯೊಂದನ್ನು ದಾಟುವಾಗ ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಬಂತು. ಬಂದ ಕೆಲಸ ಮರೆತು ಅಲ್ಲಿಯೇ ನಿಂತೆ. ಗಡಹಿಂಗ್ಲಜದ ನಮ್ಮ ಹೈಸ್ಕೂಲಿನ ಹಿಂದಿನ ಕೋಣೆ, ನಾಲ್ಕು ಕೈಮಗ್ಗ, ಮಗ್ಗದ ಮಾಸ್ತರರು...

ಮಹಾರಾಷ್ಟ್ರ ಬೇರೆ ರಾಜ್ಯವಾದ ಮರುವರ್ಷ ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಐಚ್ಛಿಕ ವಿಷಯವೆಂದು ಕೆಲವರು ಬಡಗಿತನ ಆರಿಸಿಕೊಂಡರು, ಕೆಲವರು ಬೇಸಾಯ. ನಾವು ಹನ್ನೊಂದು ಮಂದಿ ನೇಯ್ಗೆ. ಮಾಸ್ತರರು ನೇಕಾರರ ಮನೆಯವರು. ಅವರ ಬಳಿ ಸರ್ಟಿಫಿಕೇಟು ಇರಲಿಲ್ಲ. ಹೀಗಾಗಿ ಪ್ರತಿವರ್ಷ ತಪಾಸಣೆಗೆ ಬರುವ ಸಾಹೇಬರು ಒಳ್ಳೆಯ ಷರಾ ಬರೆದರೆ ಮಾತ್ರ ಅವರ ನೌಕರಿ ಮುಂದುವರಿಯುತ್ತಿತ್ತು.

ಎಷ್ಟು ನೇಯ್ದಿರಿ ಎಂದು ಮಾಸ್ತರರು ಎಂದೂ ಕೇಳಲಿಲ್ಲ. ಎಷ್ಟು ಎಳೆ ಹರಿದವು ಎಂದು ಕೇಳುತ್ತಿದ್ದರು. “ಹರದದ್ದು ಬರೀರಿ. ನೇಯ್ದದ್ದು ಕಣ್ಣಿಗೆ ಕಾಣ್ತೈತಿ.” ಯಾರಾದರೂ ಸೊನ್ನೆ ಬರೆಸಿದರೆ, “ಯಾಕಪಾ, ಇವತ್ತ ಮಗ್ಗದ ಮ್ಯಾಲ ಮಲಗಿದ್ದೇನ?” ಎಂದು ಕೆಣಕುತ್ತಿದ್ದರು. ದಿನಕ್ಕೊಂದು ಸಾಲಿನಂತೆ ಎಲ್ಲರ ಹರಿದ ಎಳೆಗಳನ್ನೂ ವಹಿಯಲ್ಲಿ ಬರೆಯುವ ಕೆಲಸ ನನ್ನದು. ಮೊದಲ ತಿಂಗಳು ನನ್ನ ಹೆಸರಿನ ಮುಂದೆ ಹದಿನೆಂಟು, ಇಪ್ಪತ್ತು ಬೀಳುತ್ತಿದ್ದವು. ದೀಪಾವಳಿಯ ಹೊತ್ತಿಗೆ ಎರಡು, ಮೂರು.

ತಪಾಸಣೆಯ ಹಿಂದಿನ ದಿನ ನಾನು ಯಾರೂ ಹೇಳದ ಕೆಲಸವೊಂದನ್ನು ಮಾಡಿದೆ. ವಹಿ ಅಚ್ಚುಕಟ್ಟಾಗಿ ಕಾಣಲೆಂದು ಪ್ರತಿ ಪುಟದ ಕೆಳಗೆ ಕೆಂಪು ಶಾಯಿಯ ಗೆರೆ ಎಳೆದು ಒಟ್ಟು ಹಾಕಿದೆ.

ಕೊಲ್ಹಾಪುರದಿಂದ ಬಂದ ಸಾಹೇಬರು ಮಗ್ಗಗಳ ಕಡೆ ತಿರುಗಲೇ ಇಲ್ಲ. ವಹಿ ತೆರೆದು ಕೆಂಪು ಅಂಕಿಗಳನ್ನಷ್ಟೇ ನೋಡಿದರು. “ಏವಢೇ ಧಾಗೇ ತೋಡಲೇ? ಹೇ ಶಿಕ್ಷಣ ಕೀ ನಾಸಾಡೀ?” ಇಷ್ಟೊಂದು ಎಳೆ ಹರಿದಿದ್ದೀರಿ, ಇದು ಶಿಕ್ಷಣವೋ ನೂಲು ಹಾಳುಮಾಡುವುದೋ ಎಂದು ಎಲ್ಲರೆದುರು ಕೇಳಿದರು.

“ಸಾಹೇಬ್ರ, ಅರಿವಿ ಒಮ್ಮೆ ಮುಟ್ಟಿ ನೋಡ್ರಿ.” ಮಾಸ್ತರರು ನಾನು ನೇಯ್ದ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಮುಟ್ಟಲಿಲ್ಲ. ನೇಯ್ಗೆ ನೋಡಲೆಂದು ಸರಕಾರದ ಜೀಪಿನಲ್ಲಿ ಅಷ್ಟು ದೂರ ಬಂದ ಮನುಷ್ಯ ಬಟ್ಟೆ ಮುಟ್ಟಲಿಲ್ಲ. ಒಂದೇ ಒಂದು ಪುಟವನ್ನು ಮೇಲಿನಿಂದ ಕೆಳಗೆ ಓದಿದ್ದರೆ ಅಂಕಿಗಳು ಹೇಗೆ ಇಳಿಯುತ್ತ ಬಂದಿವೆಯೆಂದು ಕಾಣುತ್ತಿತ್ತು. ಅದನ್ನೇ ಹೇಳಲು ಎದ್ದೆ. ಹೆಡ್‌ಮಾಸ್ತರರು ನನ್ನತ್ತ ಕಣ್ಣು ಬಿಟ್ಟರು.

“ಕುಂದ್ರೋ ತಮ್ಮಾ,” ಎಂದರು ಮಾಸ್ತರರು. “ಅವರಿಗೆ ಒಟ್ಟ ಸಿಕ್ಕೈತಿ.”

ಮುಂದಿನ ಜೂನ್‌ನಲ್ಲಿ ಶಾಲೆ ತೆರೆದಾಗ ಅವರು ಇರಲಿಲ್ಲ. ಕೆಲಸ ಹುಡುಕಿಕೊಂಡು ಇಚಲಕರಂಜಿಗೆ ಹೋದರೆಂದು ಕೇಳಿದೆವು. ಪದವಿ ಇದ್ದ ಹೊಸ ಮಾಸ್ತರರು ಮಗ್ಗದ ಭಾಗಗಳನ್ನು ಹೇಳಿ ಬರೆಸಿದರು. ಮಗ್ಗಗಳ ಮೇಲೆ ಮುರಿದ ಬೆಂಚುಗಳನ್ನು ಪೇರಿಸಿದರು. ಇಡೀ ವರ್ಷ ಲಾಳಿ ಮುಟ್ಟದೆ ನಾನು ನೇಯ್ಗೆಯಲ್ಲಿ ಶಾಲೆಗೇ ಮೊದಲಿಗನಾದೆ. ಚಪ್ಪಾಳೆ ತಟ್ಟಿದರು. ಯಾರಿಗೂ ನಾಚಿಕೆಯಾಗಲಿಲ್ಲ.

ಗುರುವಾರ ಆ ಓಣಿಯಲ್ಲಿ ಹಳೆಯ ಮಾಸ್ತರರ ಬಗ್ಗೆ ವಿಚಾರಿಸಿದೆ. ಅವರ ಮನೆ ಮೂರನೆಯದೇ ಆಗಿತ್ತು. ಮಗಳು ಬಾಗಿಲಿಗೆ ಬಂದರು. ಪಕ್ಕದ ಪಾವರ್‌ಲೂಮಿನ ಸದ್ದಿನಲ್ಲಿ ಎರಡು ಸಲ ಹೇಳಬೇಕಾಯಿತು, “ಅಪ್ಪ ತೀರಿಕೊಂಡು ಎರಡ ವರ್ಷ ಆತ್ರಿ.” ಗಡಹಿಂಗ್ಲಜದವನೆಂದೆ. ಅವರ ಮುಖ ಅರಳಿತು.

“ಆ ಸಾಲಿ ಸುದ್ದಿ ಭಾಳ ಹೇಳತಿದ್ರು. ಒಬ್ಬ ಹುಡುಗ ವಹಿ ಭಾಳ ಚಂದ ಬರೀತಿದ್ನಂತ. ನಿಮಗ ಗೊತ್ತೇನ್ರಿ ಅಂವಾ?”

ಇಲ್ಲ ಎಂದೆ. ಹೌದು ಎಂದಿದ್ದರೆ ಕೆಂಪು ಗೆರೆ ಎಳೆದ ನನ್ನನ್ನು ಒಳಗೆ ಕರೆದು ಚಹ ಕೊಡುತ್ತಿದ್ದರು.