ಹಸೆಗೋಡೆ ಹಿಡಿಯುವ ಲೆನ್ಸ್

ನಮ್ಮ ಆಶಾ ಸ್ವಂತ ದುಡ್ಡಿನಲ್ಲಿ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡಿದ್ದಾಳೆ. ಅದರಲ್ಲೇನು ದೊಡ್ಡಸ್ತಿಕೆ, ಈಗ ಊರಿಗೆಲ್ಲ ಕ್ಯಾಮೆರಾ ಉಂಟಲ್ಲ ಎಂದು ಯಾರಾದರೂ ಮೂಗು ಮುರಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಅವಳು ಆರಿಸಿದ ಬಗೆಯನ್ನು ನೋಡಿದ್ದರೆ ಅವರು ಹಾಗೆ ಹೇಳುತ್ತಿರಲಿಲ್ಲ. ಅವಳು ನನ್ನ ತಂಗಿಯ ಮಗಳು. ಅದಕ್ಕೇ ಹೊಗಳುತ್ತಿದ್ದಾನೆ ಎಂದುಕೊಳ್ಳುವವರು ಹಾಗೇ ಅಂದುಕೊಳ್ಳಲಿ, ನನಗೇನೂ ನಷ್ಟವಿಲ್ಲ.

ನಾನು ಭೂತಪ್ಪ. ಕಾರ್ಗಲ್ಲಿನಲ್ಲಿ ವಿದ್ಯುತ್ ಯೋಜನೆಯ ಕೆಲಸದಲ್ಲಿದ್ದು ನಿವೃತ್ತನಾದವನು. ಈಗ ಹೊಸನಗರದ ಹತ್ತಿರ ಊರಿನ ಮನೆಯಲ್ಲಿದ್ದೇನೆ. ಮನೆಯ ಯಜಮಾನಿಕೆ ಇವತ್ತಿಗೂ ನನ್ನ ಅವ್ವ ದುಗ್ಗಮ್ಮನದು. ನಮ್ಮ ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ನಡುಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಗಂಡು ಹೆಣ್ಣು ಕೂರುವುದು ಅದರ ಮುಂದೆ. ಅವ್ವ ಬರೆದಂತೆ ಬರೆಯುವವರು ಸುತ್ತ ನಾಕೂರಿನಲ್ಲಿ ಇಲ್ಲ. ಸ್ಕೇಲಿಲ್ಲ, ಪೆನ್ಸಿಲ್ ಗುರುತಿಲ್ಲ, ಎಳೆಯ ಪಕ್ಕ ಎಳೆ ಹೋಗುತ್ತಲೇ ಇರುತ್ತದೆ. ಎಷ್ಟೋ ಮನೆಯ ಮದುವೆಗಳಿಗೆ ಅವ್ವನೇ ಹೋಗಿ ಬರೆದುಕೊಟ್ಟಿದ್ದಾಳೆ. ಆದರೆ ಮುಂದಿನ ಮದುವೆ ಬಂದಾಗ ಹಳೆಯದರ ಮೇಲೆ ಮತ್ತೆ ಕೆಮ್ಮಣ್ಣು ಬಳಿಯಬೇಕು. ಹಾಗಾಗಿ ಆಯುಷ್ಯವೆಲ್ಲ ಬರೆದ ಅವ್ವನ ಹತ್ತಿರ ತೋರಿಸಲಿಕ್ಕೆ ಒಂದೂ ಉಳಿದಿರಲಿಲ್ಲ.

ಫೋಟೋ ಇರಲಿಲ್ಲವೇ ಎಂದು ಕೇಳಬಹುದು. ಇದ್ದವು. ಆಶಾ ಸಾಗರದಲ್ಲಿ ನಟರಾಜ್ ಅವರ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಜೋಡಿಸುವ ಕೆಲಸ ಮಾಡುತ್ತಾಳೆ. ನಮ್ಮ ಕಡೆಯ ಮದುವೆಗಳೆಲ್ಲ ಅವಳ ಕಂಪ್ಯೂಟರಿನ ಮೇಲೇ ಹಾದುಹೋಗಬೇಕು. ಎಲ್ಲದರಲ್ಲೂ ಒಂದೇ ಕತೆ. ಮುಂದೆ ಹುಡುಗ ಹುಡುಗಿ, ಅವರ ಹಿಂದೆ ಫ್ಲಾಶ್ ಬಡಿದು ಬೆಳ್ಳಗಾದ ಗೋಡೆ. ಚಿತ್ತಾರದಲ್ಲಿ ಬರೆದ ಬಾಸಿಂಗದ ಮೂಲೆಯೊಂದು ಮದುಮಗನ ಕಿವಿಯ ಪಕ್ಕ ಇಣುಕಿದರೆ ಅದೇ ಪುಣ್ಯ. ತನ್ನ ಅಜ್ಜಿಯ ಕೆಲಸ ಹೀಗೆ ಜನರ ಬೆನ್ನ ಹಿಂದೆ ಮುಗಿದುಹೋಗುವುದನ್ನು ದಿನಾ ನೋಡಿ ನೋಡಿ ಅವಳಿಗೆ ಸಂಕಟವಾಗುತ್ತಿತ್ತು.

ನನ್ನ ಮಗ ಲಿಖಿತನ ಮದುವೆ ನಿಶ್ಚಯವಾದ ದಿನ ಅವ್ವ ಎಲ್ಲರ ಮುಂದೆ ಹೇಳಿಬಿಟ್ಟಳು. "ಇದೊಂದು ಬರ್ದು ಕುಂಚ ಕೆಳಗಿಡ್ತೀನಿ. ಕಣ್ಣು ಮಂಜಾಗ್ತಾ ಬಂತು. ಇನ್ನು ನನ್ನ ಕೈಲಿ ಆಗಲ್ಲ."

ಆಶಾ ನನ್ನನ್ನು ಅಂಗಳಕ್ಕೆ ಕರೆದು, "ಮಾವ, ಈ ಸಲದ್ದು ನಾನೇ ತೆಗೀತೀನಿ. ಅಜ್ಜಿ ಬರೀತಾ ಇರ್ಬೇಕಾದ್ರೇ ತೆಗೀಬೇಕು, ಪೂರ್ತಿ ಗೋಡೆ ಕಾಣ್ಬೇಕು. ಅದಕ್ಕೆ ಕ್ಯಾಮೆರಾ ತಗೊಳ್ತೀನಿ" ಎಂದಳು. ಚೀಟಿ ಎತ್ತಿದ ದುಡ್ಡು ಅವಳ ಹತ್ತಿರ ಇತ್ತು. ಅದರೊಳಗೇ ಎಲ್ಲ ಮುಗಿಯಬೇಕಿತ್ತು.

ಶಿವಮೊಗ್ಗದ ಅಂಗಡಿಗೆ ನಾನೇ ಜೊತೆಗೆ ಹೋದೆ. ಅಂಗಡಿಯವನು ಹೊಸ ಕ್ಯಾಮೆರಾ, ಎರಡು ಝೂಮ್ ಲೆನ್ಸು, ಮೇಲೊಂದು ಚೀಲ ಎಲ್ಲ ಸೇರಿಸಿ ಹರವಿಟ್ಟ. ಉದ್ದ ಲೆನ್ಸನ್ನು ಕೈಯಲ್ಲಿ ಹಿಡಿದಾಗ ನನಗೇ ಒಂಥರಾ ಗತ್ತು ಬಂತು. "ಇದನ್ನೇ ತಗೊಳೇ, ಮದುವೆ ಮನೇಲಿ ನೋಡಿದೋರು ದಾರಿ ಬಿಡ್ತಾರೆ" ಎಂದೆ. ಅವಳು ನಕ್ಕು, "ನಂಗೆ ದಾರಿ ಬೇಡ ಮಾವ, ಗೋಡೆ ಬೇಕು" ಎಂದು ಬರಿಗೈಯಲ್ಲಿ ಹೊರಗೆ ಬಂದಳು. ಬಸ್ಸಿನಲ್ಲಿ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡೇ ಕೂತಿದ್ದೆ.

ಮುಂದಿನ ಭಾನುವಾರ ನಟರಾಜ್ ಅವರ ಝೂಮ್ ಕ್ಯಾಮೆರಾವನ್ನು ಕೇಳಿ ತಂದು ನಮ್ಮ ನಡುಮನೆಯಲ್ಲಿ ನಿಂತಳು. ಹಸೆಗೋಡೆಯ ಎದುರಿಗೆ ಭತ್ತ ತುಂಬಿಡುವ ದೊಡ್ಡ ಪಣತವಿದೆ. ಹಿಂದೆ ಸರಿಯುವುದಿದ್ದರೆ ಪಣತಕ್ಕೆ ಬೆನ್ನು ತಾಗುವ ತನಕ ಮಾತ್ರ. ಅವಳು ಬೆನ್ನು ತಾಗಿಸಿ ನಿಂತು, ಝೂಮನ್ನು ಐವತ್ತಕ್ಕೆ ತಿರುಗಿಸಿದಳು.

"ಕಡಿಮೆ ದುಡ್ಡಿಗೆ ಐವತ್ತು ಎಂಎಂ ಲೆನ್ಸ್ ತಗೊಳ್ಳಿ ಅಂತ ಯೂಟ್ಯೂಬಲ್ಲಿ ಎಲ್ರೂ ಹೇಳ್ತಾರೆ ಮಾವ. ಅವ್ರ ಮನೆ ದೊಡ್ಡದಿರ್ಬೇಕು. ಇಲ್ಲಿ ನೋಡಿ."

ನೋಡಿದೆ. ಗೋಡೆಯ ಎರಡೂ ಪಕ್ಕ ಕತ್ತರಿಸಿಹೋಗಿತ್ತು. ಮೂವತ್ತೈದಕ್ಕೆ ತಂದಾಗ ಇಡೀ ಗೋಡೆ ಒಳಗೆ ಬಂತು, ಪಕ್ಕದಲ್ಲಿ ಅವ್ವ ಕೂರುವಷ್ಟು ಜಾಗವೂ ಉಳಿಯಿತು.

"ಹಂಗಾದ್ರೆ ಈ ಝೂಮೇ ಆಯ್ತಲ್ಲ, ಮತ್ತೆಂತಕ್ಕೆ ತಲೆಬಿಸಿ?" ಎಂದೆ.

ಅವಳು ಗೋಡೆಯ ಹತ್ತಿರ ಕೈ ಆಡಿಸಲು ಅವ್ವನಿಗೆ ಹೇಳಿ, ಫ್ಲಾಶ್ ಇಲ್ಲದೆ ಒಂದು ಫೋಟೋ ತೆಗೆದು ತೋರಿಸಿದಳು. ಕೈ ಇದ್ದ ಕಡೆ ಬರೀ ಮಸುಕು. "ಝೂಮಿನ ಕಣ್ಣು ಸಣ್ಣದು ಮಾವ. ಈ ಬೆಳಕಿಗೆ ಸಾಲಲ್ಲ. ಝೂಮ್ ಆಗದೆ ಒಂದೇ ಅಳತೆಗೆ ನಿಂತಿರೋ ಲೆನ್ಸಿಗೆ ಕಣ್ಣು ದೊಡ್ಡದಿರುತ್ತೆ."

"ಸ್ಟ್ಯಾಂಡಿನ ಮೇಲಿಟ್ಟು ತೆಗಿ."

"ಗೋಡೆ ಅಲುಗಾಡಲ್ಲ. ಅಜ್ಜಿ ಕೈ ಅಲುಗಾಡುತ್ತಲ್ಲ?"

ಇಷ್ಟು ವರ್ಷ ನಾನು ಆ ನಡುಮನೆಯಲ್ಲಿ ಉಂಡು ಮಲಗಿದವನು, ಅದರ ಬೆಳಕಿನ ಲೆಕ್ಕ ಹಾಕಿದ್ದು ಈ ಹುಡುಗಿ. ಹೆಮ್ಮೆ ಅಂದರೆ ನನಗೆ ಅವತ್ತೇ ಶುರುವಾಯಿತು.

ಲೆನ್ಸ್ ಹೊಸದಿರಲಿ, ಕ್ಯಾಮೆರಾ ಹಳೆಯದಾದರೂ ಸಾಕು ಎಂದು ಅವಳ ತೀರ್ಮಾನ. ತೀರ್ಥಹಳ್ಳಿಯಲ್ಲಿ ಕೃಷ್ಣಪ್ರಸಾದ್ ಎಂಬ ಫೋಟೋಗ್ರಾಫರ್ ಹಳೆಯದನ್ನು ಮಾರುತ್ತಾರೆಂದು ತಿಳಿದು ಹೋದೆವು. ಬೈಕು ಕೊಳ್ಳುವಾಗ ಕಿಲೋಮೀಟರ್ ನೋಡುವ ಹಾಗೆ, ಕ್ಯಾಮೆರಾ ಎಷ್ಟು ಸಲ ಕ್ಲಿಕ್ ಆಗಿದೆ ಎಂದು ಮೊದಲು ನೋಡಿದಳು. ಅವರು ಒಂದು ಲೆನ್ಸನ್ನೂ ಅಗ್ಗಕ್ಕೆ ಕೊಡಲು ಮುಂದೆ ಬಂದರು. ಆಶಾ ಮೊಬೈಲ್ ಟಾರ್ಚ್ ಹಾಕಿ ಲೆನ್ಸಿನೊಳಗೆ ಹಣಿಕಿದಳು. ಗಾಜಿನ ಒಳಗೆ ಜೇಡರ ಬಲೆಯಂತೆ ಬೂಷ್ಟು.

"ಆಗುಂಬೆ ಮಳೇಲಿ ಓಡಾಡಿದ್ದಲ್ಲಮ್ಮ, ಬರ್ದೆ ಇರುತ್ತಾ?" ಎಂದು ಕೃಷ್ಣಪ್ರಸಾದರೇ ನಕ್ಕು ಒಪ್ಪಿಕೊಂಡರು. ಕ್ಯಾಮೆರಾ ಮಾತ್ರ ತಗೊಂಡೆವು. ಮೂವತ್ತೈದರ ಹೊಸ ಲೆನ್ಸನ್ನು ಶಿವಮೊಗ್ಗದ ಅದೇ ಅಂಗಡಿಯಿಂದ ತಂದೆವು. ಉಳಿದ ಚಿಲ್ಲರೆಯಲ್ಲಿ ಅವಳು ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸುವ ಒಂದು ಗಾಜು ಕೊಂಡಳು. ಫಿಲ್ಟರ್ ಅಂತೆ. ಮುಚ್ಚಳ ಇರುವಾಗ ಇದು ಬೇರೆ ದಂಡ ಎಂದು ನಾನು ಗೊಣಗಿದೆ. ಮನೆಗೆ ಬಂದ ಮೇಲೆ ಎಲ್ಲರಿಗೂ ಕ್ಯಾಮೆರಾ ತೋರಿಸುತ್ತಾ, ಲೆನ್ಸಿಗೆ ದೊಡ್ಡ ವೈರಿ ಅಂದರೆ ಬೂಷ್ಟು, ಥಂಡಿ ತಾಗಬಾರದು ಎಂದು ಹೇಳಿದಳು. ಅವ್ವ ಅದನ್ನು ಚೆನ್ನಾಗಿ ಕೇಳಿಸಿಕೊಂಡಳು.

ಮದುವೆಯ ವಾರ ಕಾಲವಲ್ಲದ ಕಾಲದ ಅಡ್ಡಮಳೆ ಹಿಡಿಯಿತು. ಅವ್ವ ದಿನಾ ಒಂದಿಷ್ಟು ಬರೆದು, ಮದುವೆಯ ಹಿಂದಿನ ದಿನಕ್ಕೆ ಕೊನೆಯ ಮೂಲೆಯನ್ನು ಉಳಿಸಿಕೊಂಡಿದ್ದಳು. ಮಧ್ಯಾಹ್ನ ಡೆಕೋರೇಶನ್‌ನವರು ಬಂದು ಗೋಡೆಯ ಎರಡೂ ಪಕ್ಕ ಮುಚ್ಚುವಂತೆ ಪರದೆ, ಹೂವು ಕಟ್ಟುವವರಿದ್ದರು. ಫೋಟೋ ತೆಗೆಯುವುದಾದರೆ ಆ ಬೆಳಿಗ್ಗೆಯೇ ಆಗಬೇಕಿತ್ತು. ಆಶಾ ಎದ್ದು ನೋಡಿದರೆ ಚೀಲವಿದೆ, ಕ್ಯಾಮೆರಾ ಇಲ್ಲ.

ಮನೆ ತುಂಬ ನೆಂಟರು. ನಾನು ಒಬ್ಬೊಬ್ಬರ ಮೇಲೂ ಹಾರಾಡಿದೆ. ಹುಡುಕಾಟ ಅಡುಗೆಮನೆಯ ತನಕ ಬಂದಾಗ ಅವ್ವ ನಿರಾಳವಾಗಿ, "ಎಂತಕ್ಕೆ ಕೂಗ್ತೀಯ? ಒಲೆ ಮೇಲಿನ ಅಟ್ಟದಲ್ಲಿ ಉಂಟು" ಎಂದಳು.

ನಾನು ಅಟ್ಟಕ್ಕೆ ಕೈ ಹಾಕಿದೆ. ನಮ್ಮಲ್ಲಿ ಬೂಷ್ಟು ಬರಬಾರದು ಅನ್ನುವುದೆಲ್ಲ ಒಲೆಯ ಹೊಗೆಗೆ ಹೋಗುತ್ತದೆ: ಬಿತ್ತನೆ ಬೀಜ, ಒಣಮೀನು, ಹಪ್ಪಳ. ಕ್ಯಾಮೆರಾ ಒಣಮೀನಿನ ಡಬ್ಬಿಯ ಪಕ್ಕ ಬೆಚ್ಚಗೆ ಕೂತಿತ್ತು. ಒಳಗೂ ಹೊಗೆ ತಾಗಲಿ ಎಂದು ಅವ್ವ ಲೆನ್ಸಿನ ಮುಚ್ಚಳವನ್ನೂ ತೆಗೆದಿಟ್ಟಿದ್ದಳು. ರಾತ್ರಿಯಿಡೀ ಮದುವೆ ಅಡುಗೆಯ ಹೊಗೆ ತಿಂದು ಅದರ ಮೂತಿಯ ಮೇಲೆ ಕಾಫಿ ಬಣ್ಣದ ಜಿಡ್ಡು.

"ಎಂಥ ಕೆಲ್ಸ ಮಾಡಿದ್ಯೇ ಅವ್ವ!" ಎಂದು ನಾನು ಕೂಗಿದೆ. ಅವ್ವನ ಮುಖ ಬಾಡಿಹೋಯಿತು. ಗೋಡೆಯ ಮುಂದೆ ಹೋಗಿ ಕೂತಳು, ಕುಂಚ ಮುಟ್ಟಲಿಲ್ಲ.

ಆಶಾ ನನ್ನ ತೋಳು ಹಿಡಿದು, "ಬೈಬೇಡಿ ಮಾವ. ಬೂಷ್ಟು ಬರಬಾರ್ದು ಅಂದಿದ್ದು ನಾನು. ಅಜ್ಜಿ ಅದನ್ನೇ ಮಾಡಿದಾಳೆ" ಎಂದಳು. ಆಮೇಲೆ ಕ್ಯಾಮೆರಾ ಹಿಡಿದು ಅವ್ವನ ಪಕ್ಕ ಕೂತು ಮೂತಿಯ ಗಾಜನ್ನು ತಿರುಗಿಸಲು ನೋಡಿದಳು. ಜಿಡ್ಡಿಗೆ ಬಿಗಿದುಕೊಂಡಿತ್ತು. ಸೆರಗು ಸುತ್ತಿ ತಿರುಗಿಸಿದ ಮೇಲೆ ಬಿಟ್ಟುಕೊಂಡಿತು. ಹೊಗೆಯೆಲ್ಲ ಆ ಗಾಜಿನ ಜೊತೆಗೇ ಕೈಗೆ ಬಂತು. ಹಿಂದೆ ಲೆನ್ಸು ಫಳಫಳ ಹೊಳೆಯುತ್ತಿತ್ತು. ನಾನು ದಂಡ ಎಂದಿದ್ದ ಗಾಜು ಅದು.

"ಏನೂ ಆಗ್ಲಿಲ್ಲ ಅಜ್ಜಿ. ನೀನು ಬರಿ."

"ಖರೇನಾ?"

"ಖರೇ. ನನ್ನ ನೋಡ್ಬೇಡ, ಗೋಡೆ ನೋಡು."

ಅವಳು ನಡುಮನೆಯ ಬಲ್ಬು ಆರಿಸಿದಳು. ಹಿತ್ತಿಲ ಬಾಗಿಲನ್ನು ಪೂರ್ತಿ ತೆರೆಸಿದಳು. ನೆಂಟರನ್ನೆಲ್ಲ ಜಗುಲಿಗೆ ಕಳಿಸಿದಳು, ನನ್ನನ್ನೂ. ನಾನು ಹೋಗಲಿಲ್ಲ, ಬಾಗಿಲ ಸಂದಿಯಲ್ಲಿ ನಿಂತೆ. ಮಳೆ ಬಿಟ್ಟ ಬೆಳಗಿನ ಬೆಳಕು ಪಕ್ಕದಿಂದ ಗೋಡೆಗೆ ಬಿದ್ದು, ಅಕ್ಕಿ ಹಿಟ್ಟಿನ ಒಂದೊಂದು ಎಳೆಯೂ ಕೆಮ್ಮಣ್ಣಿನ ಮೇಲೆ ಎದ್ದು ಕಂಡಿತು. ಆಶಾ ಪಣತಕ್ಕೆ ಬೆನ್ನು ಕೊಟ್ಟು ನಿಂತಳು. ಅವ್ವ ಉಸಿರು ಬಿಗಿಹಿಡಿದು ಕೊನೆಯ ಎಳೆ ಎಳೆದಳು. ಕ್ಯಾಮೆರಾ ಸದ್ದು ಮಾಡಿತು. ನನ್ನ ಕಣ್ಣು ತುಂಬಿಬಂತು, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ.

ಮದುವೆ ಚೆನ್ನಾಗಿಯೇ ನಡೆಯಿತು. ಆಲ್ಬಮ್ಮಿನಲ್ಲಿ ಎಂದಿನಂತೆ ಚಿತ್ತಾರ ಲಿಖಿತನ ಪೇಟದ ಹಿಂದೆ ಅಡಗಿದೆ. ಆಶಾಳ ಫೋಟೋವನ್ನು ನಟರಾಜ್ ತಮ್ಮ ಸ್ಟುಡಿಯೋದಲ್ಲೇ ದೊಡ್ಡದಾಗಿ ಪ್ರಿಂಟ್ ಹಾಕಿ ಗಾಜಿನ ಕಟ್ಟು ಹಾಕಿಸಿಕೊಟ್ಟರು, ಮುಂದಿನ ಸೀಸನ್ನಿಗೆ ಅವಳನ್ನೇ ಮದುವೆಗಳಿಗೆ ಕಳಿಸುವುದಾಗಿ ನನಗೂ ಫೋನು ಮಾಡಿ ಹೇಳಿದರು. ಅವ್ವ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದಳು. ಚಿತ್ರದಲ್ಲಿ ಇಡೀ ಗೋಡೆ ಇದೆ. ಬಲಗಡೆ ಮೂಲೆಯಲ್ಲಿ ಅವಳ ಕೈ, ಕುಂಚದ ತುದಿಯಲ್ಲಿ ಇನ್ನೂ ಒದ್ದೆಯಾಗಿರುವ ಎಳೆ.

ಈಗ ಮನೆಗೆ ಯಾರೇ ಬರಲಿ, ಅವ್ವ ಅವರನ್ನು ಮೊದಲು ಆ ಫೋಟೋದ ಮುಂದೆ ನಿಲ್ಲಿಸುತ್ತಾಳೆ. "ಇದು ನಮ್ಮ ಆಶಾ ಬರ್ದಿದ್ದು" ಅನ್ನುತ್ತಾಳೆ.

ಒಂದು ದಿನ ನಾನು ತಡೆಯಲಾರದೆ, "ಬರ್ದಿದ್ದು ನೀನಲ್ವೇನೇ ಅವ್ವ? ಅವ್ಳು ಫೋಟೋ ತೆಗ್ದಿದ್ದು" ಎಂದೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಾನು ಬರ್ದಿದ್ದು ಗೋಡೆ ಮೇಲೆ ಉಂಟು. ಮುಂದಿನ ಮದುವೆಗೆ ಅದಕ್ಕೆ ಕೆಮ್ಮಣ್ಣು ಬಳೀರಿ, ನಂಗೆ ಬೇಜಾರಿಲ್ಲ. ಇದು ಆ ಹುಡುಗಿ ಬರ್ದಿದ್ದು. ಇದ್ರ ಮೇಲೆ ಯಾರೂ ಬಳಿಯಕ್ಕಾಗಲ್ಲ" ಎಂದಳು. ಮತ್ತೆ ಸೆರಗಿನಿಂದ ಗಾಜು ಒರೆಸಿ, ಬಂದವರಿಗೆ ಕಾಫಿ ತರಲು ನನಗೆ ಹೇಳಿದಳು.