ಮೆಂಬರನಿಗೆ ಕೊಟ್ಟ ನೀರು

ಜತ್ತಿನಲ್ಲಿ ವ್ಯಾಪಾರಿಗಳಿಗೆಂದು ಹೊಸ ಪ್ಲಾಟು ಹಾಕಿದರು. ರಸ್ತೆ ನೆಟ್ಟಗೆ, ಮನೆಗಳು ಸಾಲಾಗಿ, ಮನೆಗೊಂದು ಸಂಡಾಸು. ಅದರ ಇಳಿಜಾರಿಗೆ ಕುರಿ ಸಾಕುವ ನಮ್ಮ ಓಣಿ. ಅಷ್ಟೂ ಮನೆಗಳ ಗಟಾರ ತಂದು, ಸಂಸ್ಥಾನದ ಕಾಲದಿಂದ ನಾವು ಕುಡಿಯುತ್ತಿದ್ದ ಬಾವಿಯ ಹತ್ತು ಹೆಜ್ಜೆಗೆ ಬಿಟ್ಟರು.

ಮೊದಲ ಮಳೆಗೇ ಓಣಿಯಲ್ಲಿ ವಾಂತಿಭೇದಿ ಶುರುವಾಯಿತು. ನನ್ನ ತಂಗಿ ಎರಡೇ ದಿನ ಉಳಿದಳು. ಎಂಟು ವರ್ಷದವಳು. ಬಾವಿಯ ನೀರು ಮುಟ್ಟಬೇಡಿ ಎಂದು ದವಾಖಾನೆಯ ಡಾಕ್ಟರು ಹೇಳಿದರು. ಹೆಂಗಸರು ದೂರದ ಬಾವಿಗೆ ನಡೆಯತೊಡಗಿದರು.

ಗಟಾರ ಹಾಕಿಸಿದ ಪಂಚಾಯ್ತಿ ಮೆಂಬರ ಹೊಸ ಪ್ಲಾಟಿನ ಕಿರಾಣಿ ಅಂಗಡಿಯವನು. ಅವನ ಹತ್ತಿರ ಹೋದೆ.

"ಗಟಾರ ಬ್ಯಾರೆ ಕಡೆ ತಿರುಗಸ್ರಿ ಸಾವ್ಕಾರ್ರ."

"ಮನ್ಯಾಗ ಕುರಿ ಕಟ್ಟತೀರಿ, ಕೈ ತೊಳಿಯೂದಿಲ್ಲ. ಬ್ಯಾನಿ ಬರದ ಏನ ಬರತೈತಿ? ನೀರ ಚಲೋನ ಐತಿ, ಹೋಗ."

ಮುಂದೆ ಚುನಾವಣೆ ಬಂತು. ಅವನು ಕೈಮುಗಿಯುತ್ತ ನಮ್ಮ ಮನೆಗೂ ಬಂದ. ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮ ಪದ್ಧತಿ. ಕುಡಿಯದಿದ್ದರೆ ಕುರಿಯವರ ಮನೆಯ ನೀರು ಅವನಿಗೆ ನಡೆಯುವುದಿಲ್ಲ ಎಂದಾಯಿತು. ಓಣಿಯ ಒಂದು ಮತವೂ ಬೀಳುವುದಿಲ್ಲ. ಅದು ಅವನಿಗೂ ಗೊತ್ತು. ಅವತ್ತು ಬೆಳಿಗ್ಗೆ ನಾನೇ ಗಟಾರದ ಪಕ್ಕದ ಬಾವಿಗೆ ಹಗ್ಗ ಬಿಟ್ಟು ನೀರು ತಂದಿಟ್ಟಿದ್ದೆ.

"ಕುಂದ್ರಿ ಸಾವ್ಕಾರ್ರ. ನೀರ ಕುಡೀರಿ."

ತಂಬಿಗೆ ಮೂಸಿದ. "ಎಲ್ಲೀ ನೀರೋ ಇದು?"

"ನೀವ ಚಲೋ ಐತಿ ಅಂದಿದ್ರೆಲ್ಲಾ, ಅದ."

"ಈಗರೆ ಚಾ ಕುಡದ ಬಂದೇನಿ..."

ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ಮುದುಕಿ ಬಿಡಲಿಲ್ಲ. "ಚಾದ ಮ್ಯಾಲ ನೀರ ಇಳಿಯೂದಿಲ್ಲೇನ್ರಿ? ನಮ್ಮ ಮನಿ ನೀರಂದ್ರ ಗಂಟಲಾ ಸಣ್ಣ ಆತೇನ?"

ಜನ ನಕ್ಕರು. ಅವನು ಕಣ್ಣು ಮುಚ್ಚಿ ತಂಬಿಗೆ ಎತ್ತಿದ. ಪೂರ್ತಿ ಕುಡಿದ. ಗಂಟಲು ಏರಿಳಿಯುವುದನ್ನು ನೋಡುತ್ತ ನಿಂತೆ. ಅಷ್ಟು ಖುಷಿ ನನಗೆ ಮತ್ತೆ ಆಗಿಲ್ಲ.

ಮೂರು ದಿನ ಅವನ ಮನೆಯ ಮುಂದೆ ಸುಳಿದಾಡಿದೆ. ಡಾಕ್ಟರು ಬರುತ್ತಾರೇನೋ, ಒಳಗೆ ಅಳುವ ಸದ್ದು ಕೇಳುತ್ತದೇನೋ ಎಂದು ಕಾದೆ. ನಾಲ್ಕನೆಯ ದಿನ ಅಂಗಡಿಯಲ್ಲಿ ಕೂತು ಶೇಂಗಾ ತೂಗುತ್ತಿದ್ದ. ಏನೂ ಆಗಿರಲಿಲ್ಲ.

ಬಾವಿಯ ವಿಷಯ ದವಾಖಾನೆಯ ಡಾಕ್ಟರು ಬರೆದು ಕಳಿಸಿದ್ದರಿಂದ ಸರಕಾರದ ಓವರಸಿಯರು ಗಟಾರ ಅಳೆಯಲು ಬಂದರು. ಮೆಂಬರ ಎಲ್ಲರೆದುರು ಹೇಳಿದ: "ತಂಬಿಗಿ ತುಂಬ ನಾನ ಕುಡದೇನ್ರಿ. ಏನಾಗೈತಿ ನನಗ? ಇವನ್ನ ಕೇಳ್ರಿ, ಕೊಟ್ಟಾವನ ಇವ."

ಓವರಸಿಯರು ನನ್ನ ಕಡೆ ನೋಡಿದರು. ಹೌದು ಎನ್ನಬೇಕಾಯಿತು. ಅವರು ಟೇಪು ಸುತ್ತಿಕೊಂಡು ಹೋದರು.

ಗಟಾರ ಇನ್ನೂ ಅಲ್ಲೇ ಇದೆ. ಅವ್ವ ಇನ್ನೂ ದೂರದಿಂದ ನೀರು ಹೊರುತ್ತಾಳೆ. ಅವನಿಗೆ ಆ ನೀರು ಕೊಟ್ಟು ನಾನೇ ಕೆಲಸ ಕೆಡಿಸಿದೆ ಅನ್ನುತ್ತಾಳೆ. ನನಗೆ ಹಾಗನಿಸುವುದಿಲ್ಲ. ಕೊಡ ತುಂಬ ಕುಡಿಸಬೇಕಾಗಿತ್ತು.