ಇಸ್ತ್ರಿಯಕ್ಕನ ಎಂಟು ಸಂಪುಟ

ಇಸ್ತ್ರಿಯಕ್ಕನ ಗಂಡ ದಿನಕ್ಕೆ ಎರಡೇ ಮಾತಾಡುವವನು. ಆರು ಮಹಡಿಯ ಹಳೇ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಕೆಲಸ ಅವನದು. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ "ಮೇಲಾ? ಕೆಳಗಾ?" ಎಂದು ಕೇಳಿ ಕೇಳಿ, ಮನೆಗೆ ಬರುವ ಹೊತ್ತಿಗೆ ಅವನ ಬಾಯಲ್ಲಿ ಮಾತೆಂಬುದು ಉಳಿದಿರುತ್ತಿರಲಿಲ್ಲ. ಇಂಥ ಗಂಡನ ಜೊತೆ ಇಪ್ಪತ್ತಾರು ವರ್ಷ ಏಗಿದ ಹೆಂಗಸಿಗೆ ಮಾತಿನ ಹುಚ್ಚು ಹಿಡಿದರೆ ಅದರಲ್ಲಿ ಆಶ್ಚರ್ಯ ಏನು ಬಂತು? ನನ್ನನ್ನು ಕೇಳಿದರೆ ಇಷ್ಟು ತಡವಾಗಿ ಹಿಡಿದದ್ದೇ ಆಶ್ಚರ್ಯ.

ಅದೇ ಕಟ್ಟಡದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಅಕ್ಕನ ಅಂಗಡಿ. ಅಂಗಡಿ ಅಂದರೆ ಒಂದು ಮೇಜು, ಅದರ ಮೇಲೆ ನಾಲ್ಕು ಮಡಿಕೆ ಹಾಸಿದ ಕಂಬಳಿ, ಕೈ ಬೀಳುವಷ್ಟು ಭಾರದ ಇಸ್ತ್ರಿಪೆಟ್ಟಿಗೆ, ಮತ್ತು ಬಟ್ಟೆ ಸುತ್ತಿ ಕೊಡಲಿಕ್ಕೆ ಹಳೇ ಪೇಪರಿನ ರಾಶಿ. ಆ ಪೇಪರಿನ ಮೂಲೆಯಲ್ಲಿ "ದಿನಕ್ಕೊಂದು ಪದ" ಎಂದು ಬರುತ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅಕ್ಕ ಅದನ್ನು ಮೊದಲ ಸಲ ಓದಿದ್ದು ಮೂರನೇ ಮಹಡಿಯ ಬ್ಯಾಂಕಿನವರ ಬಟ್ಟೆ ಸುತ್ತುವಾಗ. ಆ ಮಹಾನುಭಾವ ಕರ್ಚೀಫನ್ನೂ ಎಣಿಸಿ ಕೊಟ್ಟು, ಎಣಿಸಿ ತೆಗೆದುಕೊಳ್ಳುವವರು. ಪೇಪರಿನಲ್ಲಿ ಬರೆದಿತ್ತು: ಮಿತಂಪಚ, ಅಂದರೆ ಅಳೆದು ಅಡುಗೆ ಮಾಡುವವ, ಜಿಪುಣ. ಅಕ್ಕ ಒಬ್ಬಳೇ ನಿಂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಹದಿನಾಲ್ಕು ವರ್ಷದಿಂದ ಅವರನ್ನು ಏನೆಂದು ಬೈಯಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಳಲ್ಲ, ಆ ಪದ ರೆಡಿಮೇಡ್ ಸಿಕ್ಕಿತ್ತು.

ಅಂದು ಹತ್ತಿದ ಗೀಳು. ಪದ ಸಿಕ್ಕ ಕೂಡಲೇ ಬರೆದಿಟ್ಟುಕೊಳ್ಳಬೇಕು, ಬರೆಯಲಿಕ್ಕೆ ಪುಸ್ತಕ ಎಲ್ಲಿದೆ? ಡಬ್ಬದಲ್ಲಿ ಇದ್ದದ್ದು ದಿನಸಿಯ ಬಿಲ್. ಸುರುಳಿ ಸುತ್ತಿಕೊಂಡ ಆ ಉದ್ದನೆಯ ಚೀಟಿಗಳ ಹಿಂಬದಿ ಖಾಲಿಯಾಗಿ, ಬೆಳ್ಳಗೆ ಇತ್ತು. ಬಿಲ್ಲಿಗೊಂದು ಪದ.

ಇನ್ನು ಈ ಬಿಲ್ಲುಗಳು ಡಬ್ಬದಲ್ಲಿ ಯಾಕಿದ್ದವು ಎಂಬುದು ಬೇರೆಯೇ ಕಥೆ. ಮುಖ್ಯರಸ್ತೆಯ ದೊಡ್ಡ ದಿನಸಿ ಅಂಗಡಿಯವರು ಬೋರ್ಡು ಹಾಕಿದ್ದರು: ವರ್ಷವಿಡೀ ಬಿಲ್ ಕೂಡಿಟ್ಟು ತಂದವರಿಗೆ ಒಟ್ಟು ಮೊತ್ತದಲ್ಲಿ ನೂರಕ್ಕೆ ಐದು ವಾಪಸ್. ಇಡೀ ಬೀದಿ ಅದನ್ನು ಓದಿ ಮರೆತಿತ್ತು, ಅಕ್ಕ ಮರೆಯಲಿಲ್ಲ. ಎರಡು ಜನರ ಸಂಸಾರಕ್ಕೆ ಎಷ್ಟು ಸೋಪು, ಎಷ್ಟು ಸಕ್ಕರೆ ಬೇಕಾದೀತು? ಅದಕ್ಕೆ ಅವಳು ಕಟ್ಟಡದ ಮನೆಮನೆಯ ಸಾಮಾನಿನ ಪಟ್ಟಿ ತಾನೇ ತೆಗೆದುಕೊಂಡು ಹೋಗತೊಡಗಿದಳು. "ಸಾಮಾನು ನಿಮಗೆ, ಬಿಲ್ ನನಗೆ," ಅಷ್ಟೇ ಕರಾರು. ಚೀಲ ಹೊತ್ತು ಹೊತ್ತು ಹೆಗಲು ಬಿದ್ದುಹೋದರೂ ಸರಿ, ಇನ್ನೊಬ್ಬರ ಮನೆಯ ಎಣ್ಣೆ ಡಬ್ಬದಿಂದ ತನಗೆ ಐದು ಪರ್ಸೆಂಟ್ ಬರುತ್ತದೆಂಬ ಸಂತೋಷದಲ್ಲಿ ಅವಳಿಗೆ ನೋವು ಗೊತ್ತಾಗುತ್ತಿರಲಿಲ್ಲ.

ಕಲಿತ ಪದಗಳನ್ನೆಲ್ಲ ಪ್ರಯೋಗ ಮಾಡುತ್ತಿದ್ದದ್ದು ಗಂಡನ ಮೇಲೆ. "ಏನ್ರೀ, ಬುಭುಕ್ಷೆ ಆಗಿದ್ಯಾ?" ಎಂದು ಒಂದು ಸಂಜೆ ಕೇಳಿದಾಗ ಅವನು ಗಾಬರಿಯಾಗಿ ಕೈ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ.

"ಗುಳ್ಳೆ ಏನೂ ಎದ್ದಿಲ್ಲ ಕಣೇ."

"ಅಯ್ಯೋ ದೇವರೇ, ಹಸಿವು ಅಂತ ಅರ್ಥ ಕಣ್ರೀ!"

"ಹಸಿವು ಅಂತ ಕೇಳಿದ್ರೆ ಹಸಿವು ಹೋಗ್ಬಿಡುತ್ತಾ?" ಎಂದು ತಟ್ಟೆಯ ಮುಂದೆ ಕೂತ. ಒಂದೇ ಉಸಿರಿಗೆ ಅಷ್ಟುದ್ದದ ಮಾತನ್ನು ಅವನು ಆ ವರ್ಷದಲ್ಲಿ ಆಡಿದ್ದು ಅದೇ ಮೊದಲು.

ಹೀಗಿರುವಾಗ ಪೇಪರಿನವರು, ಯಾವ ಪುಣ್ಯಾತ್ಮನ ಸಲಹೆಯೋ, ದಿನಕ್ಕೊಂದು ಪದ ನಿಲ್ಲಿಸಿ ಆ ಜಾಗದಲ್ಲಿ ಚಪ್ಪಲಿ ಜಾಹೀರಾತು ಹಾಕಿದರು. ಅಕ್ಕನಿಗೆ ಕೈಕಾಲೇ ಆಡಲಿಲ್ಲ. ಅದೇ ವಾರ ನಾಲ್ಕನೇ ಮಹಡಿಯ ಮೇಷ್ಟ್ರು ತಮ್ಮ ಎಂಟು ಸಂಪುಟದ ದೊಡ್ಡ ನಿಘಂಟನ್ನು ಮಾರುತ್ತಿದ್ದಾರೆಂದು ಸುದ್ದಿ ಬಂತು. ಮೇಷ್ಟ್ರು ಭಾಷೆ ಕಲಿಸಿ ನಿವೃತ್ತರಾದವರು, ಎಪ್ಪತ್ತೆಂಟು ವಯಸ್ಸು, ಒಂಟಿ ಜೀವ. ಬಾಯಲ್ಲಿ ಉಳಿದಿದ್ದ ಹಲ್ಲು ಮೂರು, ಕಪಾಟಿನಲ್ಲಿ ಅಂಗಿ ಮೂರು. ನಿಘಂಟು ಮಾರಿ ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳುವುದು ಅವರ ಯೋಜನೆ. ಬೆಲೆ ನಾಲ್ಕು ಸಾವಿರ.

ಅಕ್ಕ ಇಸ್ತ್ರಿಯಾದ ಅಂಗಿ ಕೊಡಲು ಹೋದಾಗ ಧೈರ್ಯ ಮಾಡಿ ಕೇಳಿದಳು. "ಮೇಷ್ಟ್ರೇ, ಆ ಪುಸ್ತಕ ಯಾರಿಗೂ ಕೊಡ್ಬೇಡಿ. ನಾನೇ ತಗೊಳ್ತೀನಿ. ತಿಂಗಳ ಕೊನೇಲಿ ನಂಗೆ ಸ್ವಲ್ಪ ದುಡ್ಡು ಬರೋದಿದೆ."

ಮೇಷ್ಟ್ರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ತಗೊಳ್ಳಮ್ಮ, ಬೇಡ ಅನ್ನಲ್ಲ. ಆದ್ರೆ ಬಟ್ಟೆ ಸುತ್ತೋಕೆ ಆ ಕಾಗದ ದಪ್ಪ ಆಗುತ್ತಲ್ಲ?"

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ತಿತಿಕ್ಷೆ, ಅಂದರೆ ಸಹನೆ, ಎಂದು ಹಿಂದಿನ ವಾರವಷ್ಟೇ ಬರೆದುಕೊಂಡಿದ್ದಳು, ಅದನ್ನೇ ನಾಲ್ಕು ಸಲ ಮನಸ್ಸಿನಲ್ಲಿ ಹೇಳಿಕೊಂಡು, ತುಟಿ ಪಿಟಕ್ಕೆನ್ನದೆ ಮೆಟ್ಟಿಲಿಳಿದು ಬಂದಳು. ಲಿಫ್ಟ್ ಹತ್ತಿದ್ದರೆ ಗಂಡನ ಮುಂದೆ ಅತ್ತುಬಿಡುತ್ತಿದ್ದಳು. ಬಟ್ಟೆ ಸುತ್ತಲಿಕ್ಕಂತೆ! ಆ ನಿಘಂಟನ್ನು ತಂದು, ಮೇಜಿನ ಮೇಲಿಟ್ಟು, ಮೇಷ್ಟ್ರ ಎದುರಿಗೇ ಓದದಿದ್ದರೆ ತನ್ನ ಹೆಸರೇ ಬೇರೆ ಎಂದು ಅವತ್ತು ತೀರ್ಮಾನ ಮಾಡಿದಳು.

ತಿಂಗಳ ಕೊನೆ ಬಂತು, ಅಂಗಡಿಯವರು ಹೇಳಿದ ವರ್ಷವೂ ತುಂಬಿತು. ಡಬ್ಬದಲ್ಲಿ ಇನ್ನೂರ ಹನ್ನೆರಡು ಬಿಲ್, ಲೆಕ್ಕ ಹಾಕಿದರೆ ನಾಲ್ಕೂವರೆ ಸಾವಿರ ವಾಪಸ್ ಬರಬೇಕು. ಅಂಗಡಿಯ ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು ಇತ್ತು: "ಹರಿದ, ಮುದುರಿದ ಬಿಲ್‌ಗಳನ್ನು ಸ್ವೀಕರಿಸಲಾಗುವುದಿಲ್ಲ." ಅದನ್ನು ಓದಿ ಅಕ್ಕ ಒಂದು ನಗು ನಕ್ಕಳು. ಮುದುರಿದ್ದರ ವಿಷಯ ಯಾರಿಗೆ ಹೇಳುತ್ತಿದ್ದೀರಪ್ಪ?

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಸ್ತ್ರಿಪೆಟ್ಟಿಗೆ ಸಣ್ಣ ಕಾವಿಗಿಟ್ಟು, ಒಂದೊಂದೇ ಬಿಲ್ಲನ್ನು ಕಂಬಳಿಯ ಮೇಲೆ ಹರಡಿದಳು. ಪದ ಬರೆದ ಬದಿ ಮೇಲೆ, ಅಚ್ಚಿನ ಬದಿ ಕೆಳಗೆ. ಇಸ್ತ್ರಿಯೂ ಆಯಿತು, ಓದಿದ್ದನ್ನು ಮತ್ತೊಮ್ಮೆ ತಿರುವಿದಂತೆಯೂ ಆಯಿತು. "ಜಿಜೀವಿಷೆ, ಬದುಕುವ ಆಸೆ. ಕದರ್ಯ, ತಾನೂ ತಿನ್ನದ ಹೆಂಡ್ತಿ ಮಕ್ಕಳಿಗೂ ಕೊಡದ ಲೋಭಿ." ಒಂದು ಪದ ಗಟ್ಟಿಯಾಗಿ ಓದುವುದು, ಒಂದು ಸಲ ಪೆಟ್ಟಿಗೆ ಎಳೆಯುವುದು, ಪಕ್ಕಕ್ಕಿಡುವುದು. ಅವಳ ಜನ್ಮದಲ್ಲಿ ಅಷ್ಟು ಸುಖದ ಮಧ್ಯಾಹ್ನ ಇನ್ನೊಂದಿರಲಿಲ್ಲ. ಇನ್ನೂರ ಹನ್ನೆರಡೂ ಮುಗಿದ ಮೇಲೆ ಗರಿಗರಿಯಾದ ಕಂತೆಯನ್ನು ಮೇಜಿಗೆ ಕುಟ್ಟಿ ಸಮ ಮಾಡಿ, ತಿರುಗಿಸಿ ನೋಡಿದಳು.

ಕಪ್ಪು. ಮೇಲಿನದೂ ಕಪ್ಪು, ನಡುವಿನದೂ ಕಪ್ಪು. ಆ ಮಾಯದ ಕಾಗದ ಕಾವು ತಗುಲಿದರೆ ಕಪ್ಪಗಾಗುತ್ತದೆ ಎಂದು ಅವಳಿಗೆ ಹೇಳಿದವರು ಯಾರು? ಸಕ್ಕರೆ ಎಲ್ಲಿ, ಸೋಪೆಲ್ಲಿ, ತಾರೀಖೆಲ್ಲಿ, ಒಂದೂ ಇಲ್ಲ, ಎಲ್ಲ ಒಂದೇ ಇದ್ದಿಲ ಬಣ್ಣ. ಇಡೀ ವರ್ಷ ಕಷ್ಟಪಟ್ಟು ಕೂಡಿಸಿದ ಅಷ್ಟು ಪದಗಳಲ್ಲಿ ಒಂದಾದರೂ ಆ ಗಳಿಗೆಗೆ ಉಪಯೋಗಕ್ಕೆ ಬರಬೇಕಿತ್ತೋ ಇಲ್ಲವೋ? ಬಾಯಿಂದ ಬಂದದ್ದು "ಅಯ್ಯಯ್ಯೋ" ಮಾತ್ರ.

ದಿನಸಿ ಅಂಗಡಿಯ ಕೌಂಟರಿನ ಹುಡುಗಿ ಕಂತೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು, ಮ್ಯಾನೇಜರನ್ನು ಕರೆದಳು. ಮ್ಯಾನೇಜರು ಒಂದು ಬಿಲ್ಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಇದಕ್ಕೆಲ್ಲ ನಾನು ಏನೂ ಮಾಡಕ್ಕಾಗಲ್ಲಮ್ಮ. ಏನಾಯ್ತು ಅಂತ ಒಂದು ಅರ್ಜಿ ಬರೆದುಕೊಡಿ, ಹೆಡ್ ಆಫೀಸಿನವರು ನೋಡ್ತಾರೆ," ಎಂದರು.

ಅರ್ಜಿ ಅಂದರೆ ಅಕ್ಕನಿಗೇನು ಭಯ? ಭಯ ಇದ್ದದ್ದು ಒಂದೇ ಪದಕ್ಕೆ. ಹದಿನಾಲ್ಕು ವರ್ಷ ಕಟ್ಟಡದವರ ರೇಷ್ಮೆ, ಉಣ್ಣೆ ಎಲ್ಲ ಇಸ್ತ್ರಿ ಮಾಡಿ ಒಂದೂ ಕಲೆ ಬೀಳಿಸದವಳು, ಇಸ್ತ್ರಿ ಮಾಡಲು ಹೋಗಿ ಸುಟ್ಟೆ ಎಂದು ತನ್ನ ಕೈಯಾರೆ ಬರೆದುಕೊಡುವುದೇ? ಊರಿಗೆಲ್ಲ ಗೊತ್ತಾದರೆ ನಾಳೆಯಿಂದ ಸೀರೆ ಕೊಡುವವರು ಯಾರು? ಆ ಒಂದು ಪದವನ್ನು ಬಚ್ಚಿಡಲು ಉಳಿದೆಲ್ಲ ಪದಗಳನ್ನೂ ಕರೆದಳು. "ಸಂವತ್ಸರಪರ್ಯಂತ ತಿತಿಕ್ಷೆಯಿಂದ ಸಂಗ್ರಹಿಸಿದ ಪಾವತಿಪತ್ರಗಳು ತಾಪಾತಿಶಯದಿಂದ ಕೃಷ್ಣವರ್ಣ ತಾಳಿರುವ ಕಾರಣ, ತಾವು ಕದರ್ಯರಂತೆಯೂ ಮಿತಂಪಚರಂತೆಯೂ ವರ್ತಿಸದೆ..." ಹೀಗೆ ಎರಡು ಪುಟ. ಕೆಳಗೆ ಪೂರ್ತಿ ಹೆಸರು ಬರೆದು, ದೊಡ್ಡದಾಗಿ ಸಹಿ ಹಾಕಿ, ವಿಳಾಸವನ್ನು ಲಕೋಟೆಯ ಮೇಲೆ ಬರೆದಳು.

ಅಲ್ಲಿಂದ ಹದಿನೈದು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪೋಸ್ಟಿನವನನ್ನು ಕಾದಳು. ಹದಿನಾರನೇ ದಿನ ಪತ್ರ ಬಂತು. ಎರಡು ಸಲ ಓದಿದಳು, ಮೂರು ಸಲ ಓದಿದಳು. "ತಮ್ಮ ವಿಜ್ಞಾಪನೆಯನ್ನು ಸಾವಧಾನಚಿತ್ತದಿಂದ ಪರಾಮರ್ಶಿಸಲಾಗಿ, ಅದು ಅಕಿಂಚಿತ್ಕರವೆಂದು ನಿರ್ಣಯಿಸಲಾಗಿದೆ." ಅಕಿಂಚಿತ್ಕರ! ಅವಳ ಇನ್ನೂರ ಹನ್ನೆರಡರಲ್ಲಿ ಇಲ್ಲದ ಪದ. ಇಷ್ಟು ಗಂಭೀರವಾಗಿ ಬರೆದಿದ್ದಾರೆಂದರೆ ಒಳ್ಳೆಯದೇ ಇರಬೇಕು ಅನ್ನಿಸಿತು. ಇನ್ನೊಂದು ಗಳಿಗೆ, ಅಲ್ಲವೇನೋ ಅನ್ನಿಸಿತು. ದುಡ್ಡು ಬಂತೋ ಇಲ್ಲವೋ ತಿಳಿಯಬೇಕಾದರೆ ನಿಘಂಟು ಬೇಕು, ನಿಘಂಟು ಬೇಕಾದರೆ ಆ ದುಡ್ಡು ಬೇಕು. ಇದೆಂಥ ಗ್ರಹಚಾರ ನೋಡಿ! ಬೇರೆ ದಾರಿ ಕಾಣದೆ, ಮೇಷ್ಟ್ರ ಮೂರು ಅಂಗಿಗಳನ್ನು ತೋಳ ಮೇಲೆ ಹಾಕಿಕೊಂಡು ನಾಲ್ಕನೇ ಮಹಡಿಗೆ ಹೋದಳು.

"ಮೇಷ್ಟ್ರೇ, ಒಂದು ಪದದ ಅರ್ಥ ಬೇಕಿತ್ತು."

"ನಿಂಗಾ? ಯಾವ ಪದ?"

"ಪೂರ್ತಿ ಓದ್ತೀನಿ ಇರಿ," ಎಂದು ಅವಳು ಪತ್ರ ಬಿಡಿಸಿ ಓದತೊಡಗಿದಳು. ತೊದಲಲಿಲ್ಲ, ನುಂಗಲಿಲ್ಲ. "ಸಾವಧಾನಚಿತ್ತದಿಂದ" ಎಂಬಲ್ಲಿಗೆ ಬರುವಾಗ ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು. ಮುಂದಿನದನ್ನು ಅವರೇ ಹೇಳಿದರು, ಪತ್ರ ನೋಡದೆ, ಕೊನೆಯ ಪೂರ್ಣವಿರಾಮದವರೆಗೆ.

"ನಿಮಗೆ ಹೇಗೆ ಗೊತ್ತು?" ಅಂದಳು ಅಕ್ಕ.

"ಬರೆದೋನು ನಾನೇ ಕಣಮ್ಮ. ಆ ಅಂಗಡಿ ಹೆಡ್ ಆಫೀಸಿನವನೊಬ್ಬ ಬೆವರು ಒರೆಸ್ಕೊಂಡು ಬಂದಿದ್ದ. 'ಯಾರೋ ಭಾರೀ ವಿದ್ವಾಂಸರು ಬರೆದಿದ್ದಾರೆ ಸಾರ್, ಕೋರ್ಟಿಗೆ ಹೋಗ್ತಾರೇನೋ, ಒಂದಕ್ಷರ ಅರ್ಥ ಆಗ್ತಿಲ್ಲ, ಇಲ್ಲ ಅನ್ನೋದನ್ನ ಅವರ ಭಾಷೇಲೇ ಬರೆದುಕೊಡಿ' ಅಂದ. ಐನೂರು ಕೊಟ್ಟ. ಸಾದಾ ಮಾತಲ್ಲಿ 'ಇಸ್ತ್ರಿ ಮಾಡುವಾಗ ಬಿಲ್ ಕಪ್ಪಾಯ್ತು' ಅಂತಿದ್ದಿದ್ರೆ ಅವನು ನನ್ನ ಹತ್ರ ಬರ್ತಾನೇ ಇರ್ಲಿಲ್ಲ, ಬಂದಿದ್ರೂ ನಂಗೆ ಗೊತ್ತಾಗಿರೋದು."

"ಕೆಳಗೆ ನನ್ನ ಹೆಸರು ಬರೆದಿದ್ನಲ್ಲ?"

ಮೇಷ್ಟ್ರು ತಲೆ ತಗ್ಗಿಸಿದರು. ಹೆಸರು ಅವರು ನೋಡಿದ್ದರು. ಹದಿನಾಲ್ಕು ವರ್ಷ ಅಂಗಿ ಕೊಟ್ಟು ತೆಗೆದುಕೊಂಡಿದ್ದರೂ ಕೆಳಗಿನ ಇಸ್ತ್ರಿಯವಳಿಗೂ ಒಂದು ಹೆಸರಿರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ತಮ್ಮ ನಿಘಂಟಿಗಿದ್ದ ಒಬ್ಬಳೇ ಗಿರಾಕಿಯ ದುಡ್ಡನ್ನು, ಆ ಮೂಲಕ ತಮ್ಮ ಹಲ್ಲನ್ನು, ಐನೂರಕ್ಕೆ ತಾವೇ ಕಿತ್ತು ಬಿಸಾಕಿದ್ದರು.

"ಹಾಗಾದ್ರೆ ಅಕಿಂಚಿತ್ಕರ ಅಂದ್ರೆ?"

"ಏನೂ ಪ್ರಯೋಜನವಿಲ್ಲದ್ದು ಅಂತ. ತಪ್ಪಾಯ್ತಮ್ಮ. ಅದು ಸುಳ್ಳು. ಅರ್ಜಿ ಓದಿ ನಾನು ಅಂದ್ಕೊಂಡಿದ್ದು, ನನಗಿಂತ ಹಿರಿಯ ಪಂಡಿತರು ಯಾರೋ ಈ ಊರಲ್ಲಿ ಇನ್ನೂ ಬದುಕಿದ್ದಾರೆ ಅಂತ. ಹೊಟ್ಟೆಕಿಚ್ಚು ಬಂತು, ಜಿದ್ದಿಗೆ ಬಿದ್ದು ಬರೆದೆ. ನಿನ್ನ ಎರಡು ಪದಕ್ಕೆ ನಾನೇ ನಿಘಂಟು ತೆಗೆದು ನೋಡ್ಬೇಕಾಯ್ತು. ಇಪ್ಪತ್ತು ವರ್ಷದಲ್ಲಿ ಯಾರೂ ನನ್ನ ಕೈಲಿ ಆ ಕೆಲಸ ಮಾಡಿಸಿರ್ಲಿಲ್ಲ."

ಅಕ್ಕ ಮುಖ ಆಚೆ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾಲ್ಕೂವರೆ ಸಾವಿರ ಹೋದದ್ದಕ್ಕೆ ಅಲ್ಲ, ಅದಂತೂ ನನಗೆ ಖಂಡಿತ ಗೊತ್ತು.

"ಎಂಟೂ ತಗೊಂಡು ಹೋಗು. ದುಡ್ಡು ಬೇಡ," ಎಂದರು ಮೇಷ್ಟ್ರು.

"ಬಿಟ್ಟಿ ನಂಗೆ ಬೇಡ." ಅಕ್ಕ ಈಗ ಮಾಮೂಲಿನ ಅಕ್ಕನಾಗಿದ್ದಳು. "ನನ್ನ ಅರ್ಜಿಯಿಂದ ನಿಮಗೆ ಐನೂರು ಬಂತಲ್ಲ? ಅದು ನಂಗೆ ರಿಬೇಟು. ಒಂದು ಸಂಪುಟಕ್ಕೆ ಐನೂರು, ಒಂದು ಇವತ್ತೇ ಬಂತು. ಉಳಿದಿದ್ದು ಏಳು. ಅಂಗಿಗೆ ಹತ್ತರಂತೆ ಐವತ್ತು ಅಂಗಿಗೆ ಒಂದು ಸಂಪುಟ. ಸರೀನಾ?"

"ನಂಗಿರೋದೇ ಮೂರು ಅಂಗಿ, ತಾಯಿ. ವಾರಕ್ಕೊಂದು ಸಲ ಕೊಡ್ತೀನಿ. ಅದು ತೀರೋಕೆ ಎರಡು ವರ್ಷದ ಮೇಲಾಗುತ್ತೆ."

"ಆಗ್ಲಿ. ಎಂಟನೇ ಸಂಪುಟ ಕೈಗೆ ಬರೋ ತನಕ ನೀವು ಗಟ್ಟಿಯಾಗಿರ್ಬೇಕು. ನಡುವೆ ಕೈ ಕೊಟ್ರೆ ನಾನು ಸುಮ್ನಿರಲ್ಲ." ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತಳು. "ಹಲ್ಲಿನ ವಿಷ್ಯ ನಂಗೆ ಬಿಡಿ. ಬಸ್ ಸ್ಟಾಪಿನ ಹತ್ರದ ಡಾಕ್ಟ್ರು ನಾಲ್ಕು ಜನ ಒಟ್ಟಿಗೆ ಬಂದ್ರೆ ಅರ್ಧ ರೇಟು ಅಂತ ಬೋರ್ಡು ಹಾಕಿದ್ದಾರೆ. ಈ ಕಟ್ಟಡದಲ್ಲಿ ಇನ್ನೂ ಮೂರು ಬೊಚ್ಚುಬಾಯಿ ಹುಡುಕ್ತೀನಿ."

ಮೊದಲ ಸಂಪುಟವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಲಿಫ್ಟಿನೊಳಗೆ ಬಂದಳು. ಗಂಡ ಪುಸ್ತಕವನ್ನು ನೋಡಿದ, ಅವಳ ಕೆಂಪಾದ ಕಣ್ಣನ್ನೂ ನೋಡಿದ. ಅಂದು ಅವನು ಮೇಲಾ ಕೆಳಗಾ ಎಂದು ಕೇಳಲಿಲ್ಲ. ಗುಂಡಿ ಒತ್ತಿ, ಎರಡು ಮಹಡಿ ಇಳಿಯುವವರೆಗೆ ಬಾಗಿಲನ್ನೇ ನೋಡುತ್ತ ನಿಂತಿದ್ದು, ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಅಂದ:

"ಇವತ್ತು ಅಂಗಡಿ ಬೇಗ ಮುಚ್ಚೇ. ನಂಗೆ ಬುಭುಕ್ಷೆ ಆಗಿದೆ."